ತುಂಬಿದ ಡಿಸ್ಕ್

ನಿಝಾರ್ ಲ್ಯಾಪ್‌ಟಾಪಿನ ತಳದ ಸ್ಕ್ರೂಗಳನ್ನು ಬಿಚ್ಚಿ ಮುಗಿಸುವವರೆಗೂ ಸುಧಾಕರ ಅವನ ಕೈಯಿಂದ ಕಣ್ಣು ಕೀಳಲಿಲ್ಲ. ಫರಂಗಿಪೇಟೆಯ ಆ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಫ್ಯಾನ್ ತಿರುಗುತ್ತಿದ್ದರೂ ಸುಧಾಕರನ ಕುತ್ತಿಗೆ ಬೆವರಿತ್ತು.

ಲ್ಯಾಪ್‌ಟಾಪ್ ಹೆಂಡತಿ ವಿಜೇತಾಳದು. ಶಾಲೆಯಲ್ಲಿ ಗಣಿತ ಕಲಿಸುವವಳು. ಪ್ರಶ್ನೆಪತ್ರಿಕೆ, ಅಂಕಪಟ್ಟಿ ಬಿಟ್ಟರೆ ಅದರಲ್ಲಿ ಇನ್ನೇನಿರಬೇಕು? ಆದರೂ ಡಿಸ್ಕ್ ತುಂಬಿಹೋಗಿದೆ, ಅದನ್ನು ತೆಗೆಸಿ ದೊಡ್ಡದು ಹಾಕಿಸಬೇಕು ಎಂದು ಮೊನ್ನೆ ಹೇಳಿದ್ದಳು. ತಾನೇ ಹೋಗಿ ಮಾಡಿಸಿಕೊಂಡು ಬರುತ್ತೇನೆ ಎಂದೂ ಸೇರಿಸಿದ್ದಳು. ಅಲ್ಲಿಗೆ, ಅದರಲ್ಲಿ ಏನೋ ಗುಟ್ಟಿದೆ ಎಂದು ಸುಧಾಕರನಿಗೆ ಖಾತ್ರಿಯಾಯಿತು.

"ನೀನು ಪೇಟೆ ಸುತ್ತುವುದು ಬೇಡ. ನಾನೇ ಕೊಂಡುಹೋಗ್ತೇನೆ."

ಕಿತ್ತುಕೊಂಡಾಗ ಅವಳ ಮುಖ ಬಿಳಿಚಿದ್ದನ್ನು ಅವನು ಚೆನ್ನಾಗಿಯೇ ನೋಡಿದ್ದ.

ಅವಳಿಗೆ ಬೇರೆ ಯಾರೋ ಇದ್ದಾನೆಂಬ ಗುಮಾನಿ ಹೊಸದಲ್ಲ. ಎರಡು ವರ್ಷದಿಂದ ಅವಳದು ಅಳೆದು ತೂಗಿದ ಮಾತು. ಅವನ ಬೈಕಿನ ಸದ್ದು ಕೇಳಿದರೆ ಸಾಕು, ಅಮ್ಮ ಮಗಳ ನಗು ನಿಲ್ಲುತ್ತಿತ್ತು. ಹೆಂಗಸರು ಕೆಡುವುದೇ ಫೋನಿನಿಂದ ಎಂದು ಬೇಸಿಗೆಯಲ್ಲಿ ಅವಳ ಫೋನನ್ನು ತನ್ನ ಕಪಾಟಿನೊಳಗೆ ಹಾಕಿ ಬೀಗ ಜಡಿದಿದ್ದ. ಅಂದಿನಿಂದ ಅವಳಿಗೆ ಈ ಲ್ಯಾಪ್‌ಟಾಪೇ ಸರ್ವಸ್ವ. ಊಟದ ಮೇಜಿನ ಮೇಲೆ, ಪರದೆ ಕಪ್ಪಾಗಿ, ಅದು ಸದಾ ತೆರೆದೇ ಇರುತ್ತಿತ್ತು. ಆಫ್ ಮಾಡಿದರೆ ಮತ್ತೆ ಆನ್ ಆಗಲು ತಡ ಎನ್ನುತ್ತಿದ್ದಳು. ಪಾಸ್‌ವರ್ಡ್ ಕೇಳಿದರೆ, ಶಾಲೆಯದ್ದು, ಕೊಡುವ ಹಾಗಿಲ್ಲ ಎಂದಳು. ಆ ದಿನ ದೊಡ್ಡ ಗಲಾಟೆಯಾಯಿತು. ಅವಳು ಮಾತ್ರ ಬಾಯಿಬಿಡಲಿಲ್ಲ.

ಎರಡು ಗಂಟೆಯಲ್ಲಿ ಹಳೆಯದರಲ್ಲಿದ್ದುದೆಲ್ಲ ಹೊಸ ಡಿಸ್ಕಿಗೆ ಇಳಿಯಿತು. ನಿಝಾರ್ ತಳ ಮುಚ್ಚಿ, ಲ್ಯಾಪ್‌ಟಾಪ್ ಆನ್ ಮಾಡಿ ತೋರಿಸಿದ.

"ಸಮಯಕ್ಕೆ ತಂದಿರಿ ಸುಧಾಕರಣ್ಣ. ಹಳೆಯದು ಸಾಯ್ಲಿಕ್ಕೆ ಬಂದಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಒಂದು ಫೈಲೂ ಸಿಕ್ತಿರಲಿಲ್ಲ."

"ಆ ಹಳೆಯದನ್ನೂ ಕೊಡು," ಎಂದ ಸುಧಾಕರ.

ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ತೆರೆಯುತ್ತದೆಯೇ ಎಂದೂ ಕೇಳಿದ. ತೆರೆಯುತ್ತದೆ, ಪಾಸ್‌ವರ್ಡ್ ಲ್ಯಾಪ್‌ಟಾಪಿಗಷ್ಟೇ, ಡಿಸ್ಕಿಗೆ ಲಾಕ್ ಏನೂ ಇಲ್ಲ ಎಂದು ಹೇಳಿ, ನಿಝಾರ್ ಅದನ್ನು ಒಂದು ಕೇಬಲ್ ಜೊತೆ ಕೊಟ್ಟ. ವಿಜೇತಕ್ಕನಿಗೆ ಗೊತ್ತುಂಟಾ ಎಂದು ಅವನು ಕೇಳುವಷ್ಟರಲ್ಲಿ ಸುಧಾಕರ ಬೈಕ್ ಹತ್ತಿಯಾಗಿತ್ತು.

ಮಧ್ಯಾಹ್ನ ಬಂಟ್ವಾಳದ ಮನೆಯಲ್ಲಿ ಲ್ಯಾಪ್‌ಟಾಪನ್ನು ಅವಳ ಮುಂದೆ ಇಟ್ಟ. ವಿಜೇತಾ ನಿಂತಲ್ಲೇ ತೆರೆದು ಏನನ್ನೋ ಹುಡುಕಿದಳು. ಕಂಡಿತೆಂದು ತೋರುತ್ತದೆ, ತಡೆಹಿಡಿದ ಉಸಿರು ಬಿಟ್ಟಳು.

"ಎಲ್ಲಾ ಉಂಟಾ?"

"ಉಂಟು," ಎಂದಳು. "ಒಂದೂ ಹೋಗಿಲ್ಲ."

ಆ ನೆಮ್ಮದಿಯೇ ಅವನಿಗೆ ಸಾಕ್ಷಿಯಾಯಿತು. ಊಟಕ್ಕೂ ನಿಲ್ಲದೆ ಬಿ.ಸಿ. ರೋಡಿನ ತನ್ನ ಟಯರ್ ಅಂಗಡಿಗೆ ಹೋಗಿ, ಒಳಕೋಣೆಯ ಬಾಗಿಲು ಹಾಕಿಕೊಂಡು, ಹಳೆಯ ಡಿಸ್ಕನ್ನು ಅಲ್ಲಿನ ಕಂಪ್ಯೂಟರಿಗೆ ಸಿಕ್ಕಿಸಿದ.

'ಏಳನೇ ತರಗತಿ ಗಣಿತ' ಎಂಬ ಫೋಲ್ಡರಿನಲ್ಲಿ ಗಣಿತ ಇರಲಿಲ್ಲ. ಮುನ್ನೂರಕ್ಕೂ ಹೆಚ್ಚು ಆಡಿಯೋಗಳಿದ್ದವು, ಗಂಟೆಗಟ್ಟಲೆ ಉದ್ದದವು. ಹೆಸರಿನ ಬದಲು ಬರೀ ತಾರೀಕು.

ಅಷ್ಟರಲ್ಲಿ ಪಕ್ಕದ ಮನೆಯ ಪ್ರೇಮಾವತಿಯ ಫೋನ್ ಬಂತು. ಹೆಂಡತಿಯ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಅವನೇ ಆಕೆಗೆ ಹೇಳಿದ್ದ.

"ವಿಜೇತಾ ಮಗಳನ್ನು ಕರ್ಕೊಂಡು ಆಟೋ ಹತ್ತಿದಳು. ಲ್ಯಾಪ್‌ಟಾಪ್ ಚೀಲವೂ ಉಂಟು. ಸ್ಟೇಷನಿಗೆ ಅಂತ ಹೇಳಿದ್ದು ಕೇಳಿತು."

ರೈಲು! ಓಡಿಹೋಗುತ್ತಿದ್ದಾಳೆ, ಅದೂ ಮಗಳು ದೀಕ್ಷಾಳನ್ನು ಕಟ್ಟಿಕೊಂಡು. ಸುಧಾಕರ ಬೈಕಿನ ಕೀ ಎತ್ತಿಕೊಂಡವನು ಮತ್ತೆ ಕೂತ. ರೈಲು ನಿಲ್ದಾಣ ಐದು ನಿಮಿಷದ ದಾರಿ. ಅಲ್ಲಿ ಅವಳಿಗಾಗಿ ಕಾಯುತ್ತಿರುವವನು ಯಾರೆಂದು ತಿಳಿದುಕೊಂಡೇ ಹೋಗಬೇಕು.

ಕಳೆದ ಭಾನುವಾರದ ತಾರೀಕನ್ನು ಒತ್ತಿದ.

ಮೊದಲು ಪಾತ್ರೆಯ ಸದ್ದು. ಆಮೇಲೆ ಒಬ್ಬ ಗಂಡಸಿನ ದನಿ. ಸಿಕ್ಕಿದ! ಸುಧಾಕರನ ಕೈ ಮೇಜಿನ ಮೇಲಿದ್ದ ವೀಲ್ ಸ್ಪ್ಯಾನರನ್ನು ಹಿಡಿಯಿತು. ದನಿ ದಪ್ಪಗಿತ್ತು, ಒರಟಾಗಿತ್ತು, ಎಲ್ಲೋ ಕೇಳಿದ ಹಾಗಿತ್ತು. ಅದು ಏರುತ್ತಾ ಹೋಯಿತು. ಒಂದು ಹೊಲಸು ಬೈಗುಳ. ಕುರ್ಚಿ ಉರುಳಿದ ಸದ್ದು. ಗೋಡೆಗೆ ಏನೋ ಭಾರವಾದದ್ದು ಬಡಿದಂತೆ ಇನ್ನೊಂದು ಸದ್ದು. ಅದರ ಬೆನ್ನಿಗೇ ಪುಟ್ಟ ಹುಡುಗಿಯೊಬ್ಬಳ ಅಳು.

"ಪಪ್ಪಾ, ಸಾಕು. ಅಮ್ಮನಿಗೆ ಇನ್ನು ಹೊಡೀಬೇಡಿ."