ಜಗಲಿಯ ಮೇಲಿಟ್ಟ ಚಾಕು

ದೊರೆಸ್ವಾಮಿ ಚಾಚಿದ ಕೈ ಚಾಚಿದಂತೆಯೇ ಇತ್ತು. ಚೆಲುವರಾಜು ಮಾತ್ರ ಅತ್ತ ನೋಡದೆ, ಎಮ್ಮೆಕೊಂಬಿನ ಹಿಡಿಯ ಆ ಮಡಚುವ ಚಾಕುವನ್ನು ತನ್ನ ಅಂಗೈಯಲ್ಲೇ ಹೊರಳಿಸುತ್ತಿದ್ದ.

ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ದೊರೆಸ್ವಾಮಿಯ ಮನೆಯಲ್ಲಿ ಅವನು ಆಸೆಯಿಂದ ಕೂಡಿಟ್ಟ ಇಂಥ ಚಾಕುಗಳು ಅರವತ್ತೆರಡಿದ್ದವು. ಇದೊಂದು ಕೈತಪ್ಪಿತ್ತು. ಹನ್ನೆರಡು ವರ್ಷದ ಹಿಂದೆ ಹನೂರಿನ ಸಂತೆಯಲ್ಲಿ ಗೆಳೆಯರಿಬ್ಬರ ಕಣ್ಣೂ ಒಟ್ಟಿಗೇ ಇದರ ಮೇಲೆ ಬಿದ್ದಿತ್ತು. ಚೆಲುವರಾಜು ಮೊದಲು ದುಡ್ಡು ಕೊಟ್ಟುಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಚೆಲುವರಾಜು ಅದನ್ನು ಮಾರುತ್ತಾನಂತೆ ಎಂದು ಯಾರೋ ಹೇಳಿದ್ದೇ ತಡ, ದೊರೆಸ್ವಾಮಿ ಗೆಳೆಯನ ಊರಾದ ಸತ್ತೇಗಾಲದ ಬಸ್ಸು ಹತ್ತಿದ್ದ. ಉಗುರು ಸಿಕ್ಕಿಸಲು ಗೀರೇ ಇಲ್ಲದ ಅಲಗು ಬಿಚ್ಚಿಕೊಳ್ಳುವುದಾದರೂ ಹೇಗೆ? ಈ ಪ್ರಶ್ನೆ ಅಷ್ಟು ವರ್ಷವೂ ಅವನನ್ನು ಮಗ್ಗದ ಮುಂದೆಯೂ ಕಾಡಿತ್ತು.

ಚೆಲುವರಾಜು ಹಿಡಿಯ ಬುಡದ ಹಿತ್ತಾಳೆ ಗುಂಡಿಯನ್ನು ತುಸುವೇ ತಿರುಗಿಸಿದ. ಅಲಗು ತಾನೇ ಎದ್ದು ನಿಂತಿತು. ದೊರೆಸ್ವಾಮಿ ಕೈಯನ್ನು ಇನ್ನಷ್ಟು ಮುಂದೆ ಚಾಚಿದ. ಅಲಗನ್ನು ಮಡಚಿ, ಚೆಲುವರಾಜು ಚಾಕುವನ್ನು ಆ ಚಾಚಿದ ಕೈಗೆ ಕೊಡದೆ ಜಗಲಿಯ ಮೇಲಿಟ್ಟ.

"ಕೈಗೆ ಕೊಟ್ರೆ ನಿನ್ ಗಂಟೇನ್ ಓಯ್ತದಲಾ?" ದೊರೆಸ್ವಾಮಿ ರೇಗಿದ.

"ಚಾಕು ಕೈಯಿಂದ ಕೈಗೆ ಕೊಡಬಾರ್ದು ಕಣ್ಲಾ, ಜಗಳ ಆಯ್ತದೆ. ನೀನೇ ಎತ್ಕೊ."

ಹನ್ನೆರಡು ವರ್ಷ ಮಾತುಬಿಟ್ಟವನಿಗೆ ಇನ್ನು ಯಾವ ಜಗಳದ ಭಯ? ದೊರೆಸ್ವಾಮಿ ಮೊದಲ ಬಾರಿಗೆ ಚಾಕು ಬಿಟ್ಟು ಗೆಳೆಯನ ಮುಖ ನೋಡಿದ. ಆಮೇಲೆ ಚಾಕುವನ್ನು ಎತ್ತಿಕೊಳ್ಳದೆ, ಅದರ ಪಕ್ಕದಲ್ಲೇ ಜಗಲಿಯ ಮೇಲೆ ಕುಳಿತ.

"ಇನ್ನೊಂದ್ ಕಿತ ಬಿಚ್ಚು, ನೋಡವ," ಎಂದ.