ಬಾಡಿಗೆ ಕಿವಿ

ಊರನ್ನೇ ಕಿವುಡು ಮಾಡಿದ ಕಿವಿಜ್ವರ ಬಂದುಹೋದ ಮೇಲೆ ದಾವಣಗೆರೆಯ ಜನರೆಲ್ಲ ಬಾಡಿಗೆ ಕಿವಿಯಲ್ಲೇ ಕೇಳುತ್ತಿದ್ದರು. ವೃಷಭೇಂದ್ರಪ್ಪನವರೂ ಎಲ್ಲರಂತೆ ಕಿವಿ ಕಂಪನಿಯ ಕರಾರು ಓದದೆಯೇ ಸಹಿ ಹಾಕಿದ್ದರು. ಅವರು ಕಾನೂನು ಕಾಲೇಜಿನಲ್ಲಿ ಕರಾರುಗಳ ಪಾಠ ಮಾಡಿದವರು ಎಂಬುದು ಬೇರೆ ಮಾತು.

ಒಂದು ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಕೂತು, ತಾವು ಪ್ರಿನ್ಸಿಪಾಲರ ಬಾಯಿ ಮುಚ್ಚಿಸಿದ ಕಥೆ ಶುರುಮಾಡಿದರು. ಹೆಂಡತಿ ಚನ್ನಬಸಮ್ಮ ತಿರುಗಿಯೂ ನೋಡಲಿಲ್ಲ. ಕೂಗಿದರೂ ಒಗ್ಗರಣೆ ಹಾಕುತ್ತಲೇ ಇದ್ದರು. ವೃಷಭೇಂದ್ರಪ್ಪನವರು ಗಾಬರಿಯಾಗಿ ಕಂಪನಿಗೆ ಫೋನ್ ಮಾಡಿದರು.

“ಮೇಡಂ ಕಿವಿ ಸರಿಯಾಗೇ ಇದೆ ಸಾರ್,” ಎಂದಳು ಅತ್ತಲಿನ ಹುಡುಗಿ. “ಸೇವೆ ಸುಧಾರಿಸೋಕೆ ಬಳಕೆಯ ಮಾಹಿತಿ ವಿಶ್ಲೇಷಣೆ ಮಾಡ್ತೀವಿ ಅಂತ ಕರಾರಲ್ಲೇ ಇದೆಯಲ್ಲ? ನೀವು ಹೇಳಿದ್ದನ್ನೇ ಹೇಳಿದಾಗ ಮೇಡಂ ಗಮನ ಕೊಡಲ್ಲ. ಅದಕ್ಕೇ ಕಿವಿ ಅದನ್ನ ಒಳಗೆ ಬಿಡೋದು ನಿಲ್ಲಿಸಿದೆ. ಬ್ಯಾಟರಿ ಉಳಿಯುತ್ತೆ.”

“ಹೊಸದೇನಾದ್ರೂ ಹೇಳಿದ್ರೆ?”

“ಖಂಡಿತ ಕೇಳುತ್ತೆ ಸಾರ್.”

ವೃಷಭೇಂದ್ರಪ್ಪನವರು ಹುರುಪಿನಿಂದ ರಾಜಕೀಯ ಹೇಳಿದರು, ಬಿಸಿಲಿನ ಬಗ್ಗೆ ಹೇಳಿದರು, ಸಿಟ್ಟು ಬಂದು ಬೈದೂ ನೋಡಿದರು. ಬೈಗುಳವೂ ಹಳೆಯದೇ ಇರಬೇಕು, ಆಕೆ ಅಲುಗಲಿಲ್ಲ. ತಮ್ಮ ಸರಕೆಲ್ಲ ಇಷ್ಟೇನಾ ಎಂದು ಅವರಿಗೇ ನಗು ಬಂತು. ಹೇಳಲು ಏನೂ ಉಳಿಯದೆ ಸುಮ್ಮನೆ ಹೆಂಡತಿಯನ್ನೇ ನೋಡಿದರು. ಆಕೆ ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರು.

“ಮಂಡಿ ನೋಯ್ತಿದೆಯೇನೇ?”

ಚನ್ನಬಸಮ್ಮ ಸೌಟು ಹಿಡಿದೇ ಗಕ್ಕನೆ ತಿರುಗಿದರು.

“ದಿನಾ ಹೇಳ್ತಾನೇ ಇದ್ದೀನಲ್ರೀ!”

ವೃಷಭೇಂದ್ರಪ್ಪನವರ ಕೈ ತಾನಾಗಿ ತಮ್ಮದೇ ಬಾಡಿಗೆ ಕಿವಿಯತ್ತ ಹೋಯಿತು. ನಾಚಿಕೆಯಿಂದ ಒಲೆ ಆರಿಸಿ, ಆಕೆಗೆ ಕುರ್ಚಿ ಎಳೆದು, “ಮೊದಲಿಂದ ಹೇಳು” ಎಂದರು.