ಅದಲುಬದಲು

ಗದಗಿನ ನೀಲಾ ಒಂದು ವರ್ಷ ಓದಲೆಂದು ಜರ್ಮನಿಯ ಬ್ರೆಮೆನ್‌ಗೆ ಬಂದು ಲೇನಾ ಎಂಬ ಹುಡುಗಿಯ ಮನೆಯಲ್ಲಿ ಉಳಿದಿದ್ದಳು. ವಿದ್ಯಾರ್ಥಿ ವಿನಿಮಯದ ಒಪ್ಪಂದದಂತೆ ಲೇನಾ ಗದಗಿನಲ್ಲಿ ನೀಲಾಳ ಮನೆಯಲ್ಲಿದ್ದಳು. ಮೊದಲ ತಿಂಗಳು ನೀಲಾ ದಿನವೂ ಅತ್ತಳು. ಆಮೇಲೆ ಟ್ರಾಮಿನ ದಾರಿಗೆ, ರಾತ್ರಿಯ ತಣ್ಣನೆಯ ಬ್ರೆಡ್ಡಿಗೆ, ಲೇನಾಳ ತಾಯಿಯ ಮಿತವಾದ ಮಾತಿಗೆ ಹೇಗೋ ಒಗ್ಗಿಕೊಂಡಳು.

ಭಾನುವಾರ ಫೋನಿನಲ್ಲಿ ಅವ್ವ ನಕ್ಕಿದ್ದಳು: "ಲೇನಾ ರೊಟ್ಟಿ ಬಡಿಯೂದು ಕಲತಾಳ. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ನೀ ಕಲೀಲಿಲ್ಲ ನೋಡು."

ಗುರುವಾರ ನೀಲಾ ಕಾಲೇಜಿನಿಂದ ಬಂದಾಗ ಲೇನಾಳ ತಾಯಿ ಅಡುಗೆಮನೆಯಲ್ಲಿ ಫೋನ್ ಹಿಡಿದುಕೊಂಡು ಅಳುತ್ತಿದ್ದಳು. ನೀಲಾ ಚೀಲವನ್ನು ಬಾಗಿಲಲ್ಲೇ ಬಿಟ್ಟು ಕೇಳಿದಳು:

"ಲೇನಾಗೆ ಏನಾಯ್ತು?"

ಆಕೆ ಫೋನನ್ನು ಮೇಜಿನ ಮೇಲಿಟ್ಟು ನೀಲಾಳತ್ತ ಕೈ ಚಾಚಿದಳು. ನೀಲಾ ಓಡಿಹೋಗಿ ತಬ್ಬಿಕೊಂಡು, ತನಗೆ ಬರುವಷ್ಟು ಜರ್ಮನ್‌ನಲ್ಲಿ ಸಮಾಧಾನ ಹೇಳಿದಳು: "ಹೆದರಬೇಡಿ. ಅಲ್ಲಿ ನಮ್ಮವ್ವ ಇದ್ದಾಳೆ. ಸ್ವಂತ ಮಗಳ ಹಾಗೆ ನೋಡಿಕೊಳ್ಳುತ್ತಾಳೆ."

ಆ ಮಾತು ಕೇಳಿ ಆಕೆ ಇನ್ನೂ ಜೋರಾಗಿ ಅತ್ತಳು.

"ಲೇನಾಗೆ ಏನೂ ಆಗಿಲ್ಲ ಮಗು. ನಿನಗೆ ಫೋನ್ ಮಾಡಲು ನಿಮ್ಮಪ್ಪನಿಗೆ ಧೈರ್ಯ ಬರಲಿಲ್ಲವಂತೆ. ನಿನ್ನ ತಾಯಿಯ ಬಾಯಿಗೆ ಕೊನೆಯ ನೀರು ಬಿಟ್ಟವಳು ಲೇನಾನೇ."